ಅಜ್ಜನ ಎಲೆಗೆ ಸೇಬಿನ ಕಳ್ಳು

ರಿಂಗ್‌ವುಡ್, ಮೆಲ್ಬರ್ನ್
2 ಮಾರ್ಚ್ 2025

ಅಮ್ಮಾ,

ಫೋನಿನಲ್ಲಿ ನಾನು ‘ಹ್ಞೂಂ’ ಮತ್ತು ‘ಊಟ ಆಯ್ತು’ ಬಿಟ್ಟು ಬೇರೇನೂ ಹೇಳುವುದಿಲ್ಲ ಎಂದು ಬೈಯುತ್ತೀಯಲ್ಲ, ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ. ಫೋನಿನ ಮಾತು ನಿನ್ನ ಕಿವಿಯಲ್ಲೇ ಉಳಿಯುತ್ತದೆ. ಕಾಗದವಾದರೆ ಊಟದ ಮೇಜಿನ ಮೇಲೆ ಬಿದ್ದಿರುತ್ತದೆ. ಮನೆಯಲ್ಲಿರುವ ಯಾರು ಬೇಕಾದರೂ ಎತ್ತಿಕೊಂಡು ಓದಬಹುದು.

ನಾನು ಬಾಡಿಗೆಗಿರುವ ಕೋಣೆಯ ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಈ ಸಬರ್ಬ್ ಎಲ್ಲ ಮೊದಲು ಹಣ್ಣಿನ ತೋಟವಾಗಿತ್ತಂತೆ. ಮನೆಗಳು ಬಂದಾಗ ಒಂದು ಸೇಬಿನ ಮರ, ಒಂದು ಪೇರ್ ಮರ ಹೇಗೋ ಇಲ್ಲಿ ಉಳಿದುಕೊಂಡಿವೆ. ಮನೆಯ ಯಜಮಾನರಾದ ಗಿರೀಶ ಅಂಕಲ್, ಶರ್ಮಿಳಾ ಆಂಟಿ ಮೈಸೂರಿನವರು. ಅವರಿಗೆ ಆ ಹಣ್ಣು ಹುಳಿ. ಅಂಗಡಿಯಿಂದ ಸೇಬು ತಂದು ತಿನ್ನುತ್ತಾರೆ. ಮರದ ಹಣ್ಣು ಹುಲ್ಲಿನ ಮೇಲೆ ಬಿದ್ದು ಕೊಳೆಯುತ್ತದೆ. ಲೈಬ್ರರಿಯ ಕೆಲಸ ಮುಗಿಸಿ ಬಂದಾಗ ಹಿತ್ತಲಿನಿಂದ ಒಂದು ವಾಸನೆ ಬರುತ್ತದೆ. ಬಂದ ಮೊದಲ ವಾರ ಅದು ಏನೆಂದು ಹೊಳೆಯಲಿಲ್ಲ. ನಿನ್ನೆ ಹೊಳೆಯಿತು. ಅಜ್ಜನ ಅಂಗಿಯ ವಾಸನೆ.

ನಾನು ಇಲ್ಲಿಗೆ ಬರುವ ಮೊದಲು ಸಿಡ್ನಿಯಲ್ಲಿ ಅಪ್ಪನ ಸ್ನೇಹಿತ ಜಯೇಶ್ ಅಂಕಲ್ ಮನೆಯ ಊಟದಲ್ಲಿ ನಡೆದದ್ದು ನಿನಗೂ ನೆನಪಿದೆ. “ನಿಮ್ಮಜ್ಜ ಊರಲ್ಲಿ ಎಂತ ಮಾಡಿಕೊಂಡಿದ್ದರು?” ಎಂದು ಅವರು ನನ್ನನ್ನು ಕೇಳಿದರು. ಅಪ್ಪ ಎಂದಿನಂತೆ “ಕೃಷಿ” ಎನ್ನುವಷ್ಟರಲ್ಲಿ ನಾನು “ಮೂರ್ತೆ. ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದರು” ಎಂದೆ. ಆ ಸಂಜೆ ನಾನು ಆಡಿದ್ದು ಅದೊಂದೇ ಮಾತು. ಅಂದಿನಿಂದ ಅಪ್ಪ ನನ್ನೊಡನೆ ಮಾತಾಡಿಲ್ಲ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಅದು ನಿಜ, ಮತ್ತು ನನಗೆ ಅದರಲ್ಲಿ ಹೆಮ್ಮೆಯಿದೆ.

ಪ್ರತಿ ವರ್ಷ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಅಗೆಲು ಬಡಿಸುವಾಗ ಅಪ್ಪ ಅಜ್ಜನ ಎಲೆಯ ಪಕ್ಕ ಡಬ್ಬಿಯ ಎಳನೀರು ಇಡುತ್ತಾರೆ. ಬದುಕಿದ್ದಷ್ಟು ದಿನ ಕಳ್ಳು ಕುಡಿದ ಮನುಷ್ಯನಿಗೆ, ಸತ್ತ ಮೇಲೆ ಡಬ್ಬಿಯ ಎಳನೀರು. ಈ ಸಲ ಆ ಎಲೆಗೆ ನಾನು ಮಾಡಿದ್ದನ್ನು ಇಡಬೇಕು. ಸೇಬು ಮತ್ತು ಪೇರ್ ಹಿಂಡಿ ಹುಳಿ ಬರಿಸಿದರೆ ಸೈಡರ್ ಆಗುತ್ತದೆ. ಈಗ ಹಣ್ಣಿನ ಕಾಲ. ಆಟಿ ಬರುವುದು ಇಲ್ಲಿನ ಚಳಿಗಾಲದಲ್ಲಿ, ಜುಲೈ-ಆಗಸ್ಟಿಗೆ. ಅಷ್ಟರೊಳಗೆ ಆಗುತ್ತದೆ.

ಅಜ್ಜ ಕಳ್ಳು ಇಳಿಸುವ ಕುಡುಕೆಯ ಒಳಗೆ ಬೆರಳಿನಿಂದ ಸುಣ್ಣ ಹಚ್ಚುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಎಲೆಅಡಿಕೆಗೆ ಹಾಕುವ ಸುಣ್ಣ ಸಿಕ್ಕಿದರೆ ಕಳಿಸುತ್ತೀಯಾ?

ನಿನ್ನ
ಅಶ್ವಿತಾ


ಸ್ಕೋಫೀಲ್ಡ್ಸ್, ಸಿಡ್ನಿ
15 ಮಾರ್ಚ್ 2025

ಅಶ್ವಿತಾ,

ನಿನ್ನ ಕಾಗದ ಬಂತು. ಪೋಸ್ಟ್ ಬಾಕ್ಸಿನಲ್ಲಿ ಬಿಲ್ಲುಗಳ ನಡುವೆ ಕನ್ನಡ ಅಕ್ಷರ ಕಂಡು ನನಗೆ ಒಮ್ಮೆ ಎದೆ ಧಸಕ್ ಅಂತು, ಊರಿನಿಂದ ಯಾರದ್ದೋ ಸುದ್ದಿಯಾ ಅಂತ. ಇನ್ನು ಮುಂದೆ ಕವರಿನ ಮೇಲೆ ‘ಎಲ್ಲ ಕ್ಷೇಮ’ ಅಂತ ಬರೆ ಮಾರಾಯ್ತಿ.

ಹ್ಯಾರಿಸ್ ಪಾರ್ಕಿನ ಬೀಡದ ಅಂಗಡಿಯಲ್ಲಿ ಸುಣ್ಣದ ಡಬ್ಬಿ ಸಿಕ್ಕಿತು. ಕಳಿಸಿದ್ದೇನೆ. ಅಂಗಡಿಯವ “ಆಂಟಿ, ಎಷ್ಟು ಬೀಡ ತಿಂತೀರಿ?” ಅಂತ ಹಿಂದಿಯಲ್ಲಿ ಕೇಳಿದ. ಮಗಳಿಗೆ ಅಂದೆ. ಅವನು ನನ್ನನ್ನು ಒಂಥರಾ ನೋಡಿದ. ನನ್ನ ತವರಿನಲ್ಲಿ ಈ ಕೆಲಸ ಯಾರೂ ಮಾಡಿದವರಿಲ್ಲ, ಹಾಗಾಗಿ ಸುಣ್ಣ ಎಷ್ಟು ಹಚ್ಚಬೇಕು ಅಂತ ನನಗೆ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ. ಅವರನ್ನು ಕೇಳುವ ಧೈರ್ಯ ನನಗಿಲ್ಲ.

ಪಾರ್ಸಲ್‌ನಲ್ಲಿ ನಿನ್ನ ಅಪ್ಪ ಮೈ ಒರೆಸುತ್ತಿದ್ದ ಹಳೆಯ ಬೈರಾಸನ್ನೂ ಇಟ್ಟಿದ್ದೇನೆ. ತೊಳೆದು ತೊಳೆದು ಮೆತ್ತಗಾಗಿದೆ, ರಸ ಸೋಸಲು ಒಳ್ಳೆಯದಾಗುತ್ತದೆ.

ಕಾಗದವನ್ನು ನೀನು ಹೇಳಿದ ಹಾಗೆ ಮೇಜಿನ ಮೇಲೆ ಬಿಟ್ಟೆ. ಅವರು ಆಫೀಸಿನಿಂದ ಬಂದರು, ರೈಲ್ವೆ ಸಿಗ್ನಲ್ಲಿನ ಯಾವುದೋ ತೊಂದರೆ ಬಗ್ಗೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು, ಊಟ ಮಾಡಿದರು. ನಾನು ಹೋಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕಾಗದದ ಮೇಲೆ ಚಹಾ ಲೋಟದ ಗುರುತು. ನಾನು ಚಹಾ ಕುಡಿಯುವುದಿಲ್ಲ, ನಿನಗೆ ಗೊತ್ತಲ್ಲ.

ಚಳಿ ಶುರುವಾಗುವ ಮೊದಲು ಸ್ವೆಟರ್ ತೆಗೆದುಕೋ. ಮೆಲ್ಬರ್ನಿನ ಹವೆಯನ್ನು ನಂಬಬೇಡ.

ನಿನ್ನ ಅಮ್ಮ
ವಿನೋದಾ


ರಿಂಗ್‌ವುಡ್
6 ಏಪ್ರಿಲ್ 2025
(ಎಲ್ಲ ಕ್ಷೇಮ, ಸೈಡರ್ ಹೊರತು)

ಅಮ್ಮಾ,

ಮೊದಲು ಗ್ಯಾರೇಜಿನ ಅನುಮತಿ ಬೇಕಿತ್ತು. ಅದನ್ನು ಕೇಳಲು ನಾನು ಒಂದು ವಾರ ಮಾತು ಜೋಡಿಸಿಕೊಂಡೆ.

“ಅದು ಆಲ್ಕೋಹಾಲ್ ಅಲ್ವೇನೇ?” ಎಂದರು ಶರ್ಮಿಳಾ ಆಂಟಿ.

“ಹೌದು ಆಂಟಿ.”

“ನಮ್ಮನೇಲಿ ರಾಯರ ಫೋಟೋ ಇದೆ ಕಣೇ.”

ಗಿರೀಶ ಅಂಕಲ್ ಪೇಪರಿನಿಂದ ತಲೆ ಎತ್ತದೆ, “ರಾಯರು ಹಾಲ್‌ನಲ್ಲಿದ್ದಾರೆ, ಇದು ಗ್ಯಾರೇಜ್‌ನಲ್ಲಿರುತ್ತೆ. ಬೇರೆ ಸಬರ್ಬ್ ಅಂದ್ಕೋ” ಎಂದರು. ಹಾಗೆ ಅನುಮತಿ ಸಿಕ್ಕಿತು.

ಪೇರ್ ಹಣ್ಣನ್ನು ಮರದಲ್ಲೇ ಮಾಗಲು ಬಿಟ್ಟರೆ ಒಳಗಿನಿಂದ ಕೊಳೆಯುತ್ತದಂತೆ. ಗಟ್ಟಿಯಿರುವಾಗಲೇ ಕಿತ್ತು ಮಂಚದ ಕೆಳಗೆ ಹರಡಿದೆ. ಅವು ಮೆತ್ತಗಾಗುವವರೆಗೆ ಕೋಣೆಯಲ್ಲಿ ಮದುವೆಮನೆಯ ವಾಸನೆ. ಸೇಬನ್ನು ಹೆಚ್ಚಿ ಫ್ರೀಜರಿನಲ್ಲಿಟ್ಟು ಮತ್ತೆ ಹೊರತೆಗೆದೆ. ಹೆಪ್ಪುಗಟ್ಟಿ ಕರಗಿದ ಹಣ್ಣು ತನ್ನಷ್ಟಕ್ಕೇ ರಸ ಬಿಡುತ್ತದೆ. ಅದಕ್ಕಾಗಿ ಆಂಟಿಯ ಬಟಾಣಿ ಪ್ಯಾಕೆಟ್‌ಗಳು ಒಂದು ರಾತ್ರಿ ಮನೆ ಬಿಟ್ಟು ಪಕ್ಕದವರ ಫ್ರೀಜರಿಗೆ ಹೋಗಿದ್ದವು. ಆಮೇಲೆ ಎಲ್ಲವನ್ನೂ ಅಪ್ಪನ ಬೈರಾಸಿನಲ್ಲಿ ಕಟ್ಟಿ ಹಿಂಡಿದೆ. ಕೈ ಸೋತು ಹೋಯಿತು. ಆದರೆ ಆ ರಸದ ಬಣ್ಣ, ಅಮ್ಮಾ, ಹೊಸ ಜೇನಿನ ಹಾಗಿತ್ತು.

ಗಾಜಿನ ದೊಡ್ಡ ಜಾಡಿಯ ಒಳಗೆಲ್ಲ ಸುಣ್ಣ ಹಚ್ಚಿದೆ. ಅಜ್ಜ ಹಚ್ಚುತ್ತಿದ್ದ ಹಾಗೆಯೇ ಬೆರಳು ತಿರುಗಿಸಿ, ಧಾರಾಳವಾಗಿ. ರಸ ತುಂಬಿದೆ. ಮೂರು ದಿನಕ್ಕೆ ನೊರೆ ಏಳಬೇಕು ಎಂದು ಎಲ್ಲ ಕಡೆ ಬರೆದಿದೆ.

ಎರಡು ವಾರವಾಯಿತು. ಒಂದು ಗುಳ್ಳೆಯೂ ಇಲ್ಲ. ರಸ ಕಂದಾಗಿ ಕೆಸರಿನಂತೆ ತಳ ಹಿಡಿದಿದೆ. ದಿನಾ ಕೆಲಸಕ್ಕೆ ಹೋಗುವ ಮೊದಲು ಜಾಡಿಗೆ ಕಿವಿಯಿಟ್ಟು ಕೇಳುತ್ತೇನೆ. ಅದು ಏನೂ ಹೇಳುವುದಿಲ್ಲ. ನಮ್ಮ ಮನೆಯಿಂದ ಬಂದ ಜಾಡಿಯಂತಿದೆ.

ಎಲ್ಲಿ ತಪ್ಪಿದೆ ಎಂದು ನನಗೆ ಗೊತ್ತಾಗುತ್ತಿಲ್ಲ. ಪೇರ್ ಮುಗಿಯುತ್ತಾ ಬಂದಿದೆ. ಸೇಬಿನ ಮರದ ತುದಿಯಲ್ಲಿ ತಡವಾಗಿ ಹಣ್ಣಾಗುವ ಒಂದಷ್ಟು ಮಾತ್ರ ಉಳಿದಿವೆ. ಇನ್ನೊಂದು ಸಲ ಮಾಡುವಷ್ಟು ಇದೆ. ಅದೂ ಕೆಟ್ಟರೆ ಈ ವರ್ಷವೂ ಅಜ್ಜನಿಗೆ ಡಬ್ಬಿ.

ಅಶ್ವಿತಾ


ಸ್ಕೋಫೀಲ್ಡ್ಸ್
14 ಏಪ್ರಿಲ್ 2025

ಅಶ್ವಿತಾಳಿಗೆ,

ಮೇಜಿನ ಮೇಲಿದ್ದ ಪತ್ರ ಓದಿದೆ.

ಹುಳಿ ಬರಬೇಕಾದ ಕಳ್ಳಿಗೆ ಯಾರೂ ಸುಣ್ಣ ಹಚ್ಚುವುದಿಲ್ಲ. ಸುಣ್ಣ ಇದ್ದರೆ ಕಳ್ಳು ಹುಳಿಯುವುದಿಲ್ಲ, ಸಿಹಿಯಾಗಿಯೇ ನಿಲ್ಲುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಸುಣ್ಣ ಹಾಕಿ ನೊರೆಗೆ ಕಾಯುವುದೆಂದರೆ ರೆಡ್ ಸಿಗ್ನಲ್ ಹಾಕಿ ರೈಲಿಗೆ ಕಾದ ಹಾಗೆ.

ನೀನು ಸುಣ್ಣದ ಕುಡುಕೆಯನ್ನೇ ನೋಡಿದ್ದೇಕೆಂದು ನನಗೆ ಗೊತ್ತು. ನೀನು ಹುಟ್ಟಿದ ಮೇಲೆ ನನ್ನ ಅಪ್ಪ ಒಂದು ಮರವನ್ನು ನಿನ್ನ ಹೆಸರಿಗೆ ಬಿಟ್ಟಿದ್ದರು. ನಿನಗೆ ಬೆಲ್ಲ ಬೇಕೆಂದು. ಆ ಮರದ ಕುಡುಕೆಗೆ ಮಾತ್ರ ಸುಣ್ಣ. ನೀನು ಅಂಗಳದಲ್ಲಿರುವಾಗ ಅದನ್ನೇ ಇಳಿಸುತ್ತಿದ್ದರು. ಉಳಿದ ಕುಡುಕೆಗಳನ್ನು ನಿನ್ನ ಎದುರಿಗೆ ತರುತ್ತಿರಲಿಲ್ಲ.

ಈ ರಸ ಚೆಲ್ಲು. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡು. ಕೊಳೆತ ಹಣ್ಣನ್ನು ತೆಗೆದುಹಾಕು, ಉಳಿದದ್ದನ್ನು ತಿಕ್ಕಿ ತೊಳೆಯಬೇಡ. ಹುಳಿ ಬರಿಸುವುದು ಸಿಪ್ಪೆಯ ಮೇಲೆಯೇ ಇರುತ್ತದೆ. ಬಾಯಿ ಬಿಗಿಯಾಗಿ ಮುಚ್ಚಬೇಡ. ಅದಕ್ಕೆ ಉಸಿರು ಬಿಡಲು ದಾರಿ ಬೇಕು.

ಸೇಬಿನ ಬಗ್ಗೆ ನನಗೆ ಅನುಭವವಿಲ್ಲ. ಇದು ಅಭಿಪ್ರಾಯ ಮಾತ್ರ.

ಕೆ. ಕಾಂತಪ್ಪ


ರಿಂಗ್‌ವುಡ್
18 ಮೇ 2025
(ಎಲ್ಲ ಕ್ಷೇಮ)

ಅಪ್ಪಾ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ನನ್ನ ಹೆಸರಿನ ಮರ ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ನೀವು ಹೇಳಿದ ಹಾಗೆಯೇ ಮಾಡಿದೆ. ಮರದ ತುದಿಯ ಹಣ್ಣಿಗೆ ಗಿರೀಶ ಅಂಕಲ್ ಏಣಿ ಹಿಡಿದರು. ಏಣಿ ಅಲುಗಾಡುತ್ತಿತ್ತು, ಅಂಕಲ್ ಅದಕ್ಕಿಂತ ಹೆಚ್ಚು ಅಲುಗಾಡುತ್ತಿದ್ದರು. ಅತಿ ಎತ್ತರದ ಕೊಂಬೆಯವು ಕೈಗೆ ಸಿಗಲಿಲ್ಲ, ಗಿಳಿಗಳು ತಿಂದವು. ಸಿಕ್ಕಿದ್ದಕ್ಕೆ ಮಂಚದ ಕೆಳಗೆ ಉಳಿದಿದ್ದ ಪೇರ್ ಸೇರಿಸಿದೆ. ತೊಳೆಯದ ಹಣ್ಣನ್ನು ಹೆಚ್ಚುವಾಗ ಶರ್ಮಿಳಾ ಆಂಟಿ ಅಡುಗೆಮನೆ ಬಿಟ್ಟು ಹೊರಗೆ ಹೋದರು.

ನಾಲ್ಕನೇ ದಿನ ಬೆಳಿಗ್ಗೆ ಆಂಟಿಯೇ ನನ್ನನ್ನು ಎಬ್ಬಿಸಿದರು. “ಏಳೇ, ನಿನ್ನ ಜಾಡಿ ಉಸಿರಾಡ್ತಿದೆ.” ನೈಟಿಯ ಮೇಲೆ ಅಂಕಲ್‌ರ ಜಾಕೆಟ್ ಹಾಕಿಕೊಂಡು ಗ್ಯಾರೇಜಿನಲ್ಲಿ ನಿಂತಿದ್ದರು. ಜಾಡಿಯ ಕುತ್ತಿಗೆಯವರೆಗೆ ಬಿಳಿ ನೊರೆ. ಉಸಿರಿಗೆಂದು ಮುಚ್ಚಳಕ್ಕೆ ಸಿಕ್ಕಿಸಿದ್ದ ಕೊಳವೆಯ ನೀರಿನಲ್ಲಿ ಗುಳುಕ್, ಗುಳುಕ್ ಎಂದು ಗುಳ್ಳೆ ಏಳುತ್ತಿತ್ತು. ನಾವಿಬ್ಬರೂ ಅಲ್ಲಿಯೇ ಕೆಳಗೆ ಕುಳಿತು ಕೇಳಿದೆವು. ಆಮೇಲೆ ಆಂಟಿ, “ರಾಯರಿಗೆ ಹೇಳಿದೀನಿ, ಹಣ್ಣಿನ ರಸ ಅಂತ. ಇಲ್ಲಿವರೆಗೆ ಅದು ಸುಳ್ಳೇನಲ್ಲ” ಎಂದರು.

ಓದಿ ತಿಳಿದ ಒಂದು ವಿಷಯ: ಸೇಬಿನ ಸಿಹಿಯೆಲ್ಲ ಹುಳಿಯಾಗಿಬಿಡುತ್ತದೆ. ಪೇರ್‌ನಲ್ಲಿರುವ ಒಂದು ಬಗೆಯ ಸಿಹಿ ಮಾತ್ರ ಎಷ್ಟು ದಿನ ಇಟ್ಟರೂ ಹಾಗೆಯೇ ಉಳಿಯುತ್ತದೆ.

ಆಟಿಯ ಅಗೆಲಿಗೆ ಇದನ್ನು ಅಜ್ಜನ ಎಲೆಗೆ ಇಡುತ್ತೀರಾ? ನಾನು ಕೇಳುತ್ತಿರುವುದು ಇಷ್ಟೇ.

ನಿಮ್ಮ
ಅಶ್ವಿತಾ


ಸ್ಕೋಫೀಲ್ಡ್ಸ್
20 ಜೂನ್ 2025

ಅಶ್ವಿತಾ,

ನೀನು ಉತ್ತರಕ್ಕೆ ಕಾಯುತ್ತಿದ್ದೀ ಅಂತ ಗೊತ್ತು. ಅವರು ಬರೆದಿಲ್ಲ. ಎರಡು ಸಲ ಪ್ಯಾಡ್ ತೆಗೆದು ಕೂತರು, ಎರಡು ಸಲ ಮುಚ್ಚಿಟ್ಟರು. ಒಂದು ದಿನ ತರಕಾರಿ ಹೆಚ್ಚುತ್ತಿದ್ದವಳ ಹಿಂದೆ ನಿಂತು “ನೊರೆ ಇಳಿದಿರಬೇಕು ಈಗ” ಅಂದರು. ಯಾರ ನೊರೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಅದೂ ನಿಲ್ಲುತ್ತಿತ್ತು.

ಅಗೆಲು ಆಗಸ್ಟ್ ಮೂರು, ಭಾನುವಾರ. ಜಯೇಶ್ ಮತ್ತು ಅವನ ಹೆಂಡತಿಯನ್ನು ಕರೆದಿದ್ದಾರೆ. ನಾನು ಬೇಡ ಅಂದೆ. “ಬರಲಿ” ಅಂದರು. ಅವರ ಮನಸ್ಸಿನಲ್ಲಿ ಎಂತ ಉಂಟು ಅಂತ ದೇವರಿಗೇ ಗೊತ್ತು. ಮೊನ್ನೆಯೇ ಹ್ಯಾರಿಸ್ ಪಾರ್ಕಿನಿಂದ ಫ್ರೀಜರಿನಲ್ಲಿಡುವ ಬಾಳೆಎಲೆ, ಕೋಳಿ ಸಾರಿಗೆ ಒಣ ಕೋರಿರೊಟ್ಟಿ ತಂದರು. ಚೀಲದ ಅಡಿಯಲ್ಲಿ ಎಳನೀರಿನ ಡಬ್ಬಿಯೂ ಇತ್ತು. ನಿನಗೆ ಸುಳ್ಳು ಬರೆಯುವುದಿಲ್ಲ.

ಅಮ್ಮ


ರಿಂಗ್‌ವುಡ್
20 ಜುಲೈ 2025

ಅಮ್ಮಾ,

ಇಲ್ಲಿ ವಿಂಡಮ್ ವೇಲ್‌ನಲ್ಲಿರುವ ನಮ್ಮೂರಿನ ರೋಶನ್ ಅಣ್ಣ ಅಗೆಲಿನ ವಾರ ಸಿಡ್ನಿಗೆ ಕಾರಿನಲ್ಲಿ ಬರುತ್ತಾನೆ. ಅವನ ಕೈಯಲ್ಲಿ ಬಾಟಲಿಗಳನ್ನು ಕಳಿಸುತ್ತೇನೆ. ಸ್ವಂತ ತಮ್ಮನನ್ನು ಕಳಿಸುವ ಹಾಗೆ ಸೀಟ್ ಬೆಲ್ಟ್ ಕಟ್ಟಿ ಕಳಿಸುತ್ತೇನೆ. ನಾನು ಬರುವುದಿಲ್ಲ. ನನ್ನನ್ನು ಅಪ್ಪ ಕರೆದಿಲ್ಲ.

ರುಚಿ ನೋಡಿದೆ. ಮೊದಲು ಹುಳಿ, ಆಮೇಲೆ ಸ್ವಲ್ಪ ಒಗರು, ಗಂಟಲಿಗೆ ಇಳಿದ ಮೇಲೆ ಎಲ್ಲಿಂದಲೋ ಪೇರ್ ಬರುತ್ತದೆ. ಗಿರೀಶ ಅಂಕಲ್ ಔಷಧಿಯ ಮುಚ್ಚಳದಲ್ಲಿ ಒಂದಿಷ್ಟು ಕುಡಿದು, “ನಾನು ಕುಡಿಯೋನಲ್ಲ, ಹಾಗಾಗಿ ನನಗೆ ಗೊತ್ತಾಗಲ್ಲ. ಇನ್ನೊಂದು ಮುಚ್ಚಳ ಕೊಡು” ಎಂದರು.

ಬಿರಡೆ ಒತ್ತಿ ಹಾಕಿದ್ದೇನೆ. ಒಳಗೆ ಇನ್ನೂ ಸ್ವಲ್ಪ ಜೀವವಿದೆ, ಬೆಚ್ಚಗಾದರೆ ಉಕ್ಕುತ್ತದೆ. ತಣ್ಣಗೆ ಇಡಬೇಕು. ಅಪ್ಪ ಇಡದಿದ್ದರೆ ಜಗಳ ಮಾಡಬೇಡ. ಅಕ್ಕಿಯ ಡಬ್ಬದ ಹಿಂದೆ ಇಟ್ಟುಬಿಡು. ಆ ದಿನ ಅದು ಆ ಮನೆಯಲ್ಲಿ ಇದ್ದರೂ ಸಾಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸಾಕಾಗುವುದಿಲ್ಲ ಎಂದೂ ಗೊತ್ತಿದೆ.

ಅಶ್ವಿತಾ


ಸ್ಕೋಫೀಲ್ಡ್ಸ್
4 ಆಗಸ್ಟ್ 2025

ಅಶ್ವಿತಾ,

ನಿನ್ನೆ ಫೋನ್ ಮಾಡದೇ ಇದ್ದದ್ದು ಬೇಕೆಂದೇ. ಇದನ್ನು ಬರೆದೇ ಹೇಳಬೇಕು.

ಬೆಳಿಗ್ಗೆಯಿಂದ ಅಡುಗೆ. ನಿನ್ನ ಬಾಟಲಿಗಳನ್ನು ನೀನು ಹೇಳಿದ ಹಾಗೆ ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದೆ. ಮಧ್ಯಾಹ್ನ ನಿನ್ನ ಅಪ್ಪ ಊಟದ ಕೋಣೆಯಲ್ಲಿ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ರೊಟ್ಟಿ ಎಲ್ಲ ಬಡಿಸಿದರು. ಎಳನೀರಿನ ಡಬ್ಬಿ ಒಡೆದು ಲೋಟಕ್ಕೆ ಬಗ್ಗಿಸಿ ಇಟ್ಟರು. ನನಗೆ ಅಲ್ಲೇ ಕಣ್ಣು ತುಂಬಿತು. ಅಷ್ಟರಲ್ಲಿ ಅಡುಗೆಮನೆಗೆ ಬಂದು ಮೆಲ್ಲಗೆ “ಅದು ಎಲ್ಲಿ?” ಅಂದರು.

ಒಂದು ಬಾಟಲಿ ತೆಗೆದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ತೆಗೆದುಕೊಂಡು ಹೋಗಿ ಎಲೆಯ ಪಕ್ಕ ಇಟ್ಟರು. ಆದರೆ ತೆರೆಯಲಿಲ್ಲ. ಬಿರಡೆಯ ಮೇಲೆ ಕೈ ಇಟ್ಟರು, ಜಯೇಶನ ಕಡೆ ನೋಡಿದರು, ಕೈ ತೆಗೆದರು. “ಬಾಗಿಲು ಹಾಕುವ” ಅಂದರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದಲ್ಲ, ಹಾಗೆ ಬಾಗಿಲೆಳೆದು ಎಲ್ಲರೂ ಹಿತ್ತಲಿಗೆ ಬಂದೆವು. ಹೊರಗೆ ಚಳಿ. ಜಯೇಶನ ಹೆಂಡತಿ ನನ್ನ ಶಾಲಿನ ಅರ್ಧ ಹೊದ್ದಳು.

ಒಳಗೆ ಹೀಟರ್ ಆರಿಸಲು ನಾನು ಮರೆತಿದ್ದೆ.

ಡಬ್ ಅಂತ ಒಂದು ಸದ್ದು. ಪಕ್ಕದ ಮನೆಯ ನಾಯಿ ಬೊಗಳಲು ಶುರು ಮಾಡಿತು. ರೋಶನ್ ಹಾರಿಬಿದ್ದ. ಜಯೇಶ್ “ಎಂತ ಮಾರಾಯ್ರೆ ಸದ್ದು ಅದು? ಗ್ಯಾಸಾ?” ಅಂದ.

ನಿನ್ನ ಅಪ್ಪ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. “ಅಲ್ಲ. ನಮ್ಮ ಅಪ್ಪ” ಅಂದರು.

ಆಮೇಲೆ ಜಯೇಶನ ಕಡೆ ತಿರುಗಿದರು.

“ಅವರು ಮೂರ್ತೆ ಮಾಡ್ತಿದ್ದವರು ಜಯೇಶ್. ಕೃಷಿ ಅಲ್ಲ. ನನ್ನ ಮಗಳು ಅವತ್ತು ಹೇಳಿದ್ದು ಸರಿ. ಕುಡುಕೆಯ ಬಾಯಿ ಬಿಗಿದರೆ ಅವರಿಗೆ ಆಗ್ತಿರಲಿಲ್ಲ. ನಾನು ತೆರೆದು ಕೊಡಲಿಲ್ಲ ಅಂತ ಈಗ ಅವರೇ ತೆರೆದರು.”

ಹಾಗೆ ಹೇಳಿ ನಗಲು ಶುರು ಮಾಡಿದರು. ನಾನು ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನೋಡಿಲ್ಲ. ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡರು. ಅದು ನಗುವಿನದ್ದೇ ಅಂತ ಇಟ್ಟುಕೋ.

ಬಾಗಿಲು ತೆರೆದರೆ ಬಿರಡೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಎಳನೀರಿನ ಲೋಟ ಮಗುಚಿ ಬಿದ್ದಿತ್ತು. ನೊರೆ ಬಾಟಲಿಯಿಂದ ಇಳಿದು ನೇರ ಎಲೆಗೆ ಹರಿದಿತ್ತು, ಕೋಳಿ ಸಾರಿನವರೆಗೆ. ಕೋಣೆಯೆಲ್ಲ ವಾಸನೆ. ನಿನ್ನ ಅಪ್ಪ ಬಾಗಿಲಲ್ಲೇ ನಿಂತು ಉಸಿರೆಳೆದರು, ಒಮ್ಮೆ, ಮತ್ತೊಮ್ಮೆ.

ಆಮೇಲೆ ಉಳಿದ ಬಾಟಲಿಗಳನ್ನು ಅವರೇ ತೆರೆದು ಎಲ್ಲರಿಗೂ ಬಗ್ಗಿಸಿದರು. “ಮಗಳು ಮಾಡಿದ್ದು. ಅಜ್ಜನ ಕಸುಬು ಅವಳಿಗೆ ಹೋಗಿದೆ” ಅಂದರು. ಒಂದು ಸಲವಲ್ಲ, ಲೋಟಕ್ಕೊಂದು ಸಲ. ಜಯೇಶ್ ಕುಡಿದು ಬಾಯಿ ಚಪ್ಪರಿಸಿ, “ಕಾಂತಣ್ಣ, ನಿಮ್ಮ ಊರು ನಮ್ಮ ಊರಿಗೆ ತಾಗಿಯೇ ಅಲ್ಲವಾ? ಹಾಗಾದರೆ ನಮ್ಮಜ್ಜ ದಿನಾ ಸಂಜೆ ಹೊಳೆ ದಾಟಿ ಹೋಗ್ತಿದ್ದದ್ದು ನಿಮ್ಮ ಅಪ್ಪನ ಹತ್ತಿರವೇ ಇರಬೇಕು. ಅಜ್ಜಿ ನಿಮ್ಮಪ್ಪನಿಗೆ ಎಷ್ಟು ಶಾಪ ಹಾಕಿದ್ದಾರೋ” ಅಂದ. ನಿನ್ನ ಅಪ್ಪ “ಅದು ತಾಗಲಿಲ್ಲ, ಹೇಳಿ ಅವರಿಗೆ” ಅಂದರು. ನಾನೂ ಅರ್ಧ ಲೋಟ ಕುಡಿದೆ. ಕಡೆಗೆ ಬರುವ ಆ ಪೇರ್ ಸಿಕ್ಕಿತು.

ಸೀಲಿಂಗಿನಲ್ಲಿ ಒಂದು ಕಲೆಯಾಗಿದೆ. ಒರೆಸಲು ಹೋದರೆ ಬಿಡುತ್ತಿಲ್ಲ ಅವರು.

ಇದರ ಜೊತೆಗೆ ಅವರದ್ದೂ ಒಂದು ಕಾಗದ ಉಂಟು. ನಾನು ಓದಿಲ್ಲ. ಮೇಜಿನ ಮೇಲೆ ಬಿಟ್ಟಿದ್ದರೆ ಓದುತ್ತಿದ್ದೆ.

ಅಮ್ಮ


4 ಆಗಸ್ಟ್ 2025

ಅಶ್ವಿತಾ, ಮಗಳೇ,

ಬಿರಡೆ ಬಿಗಿಯಾಗಿತ್ತು. ಬೇಡ ಎಂದು ಬರೆದಿದ್ದೆ. ನೀನು ಕೇಳಲಿಲ್ಲ, ಒಳ್ಳೆಯದಾಯಿತು.

ಇನ್ನೂ ಸ್ವಲ್ಪ ದಿನ ಜಾಡಿಯಲ್ಲಿ ಬಿಟ್ಟಿದ್ದರೆ ಒಗರು ಇಳಿಯುತ್ತಿತ್ತು. ಸೇಬು ಒಂದು ಮುಷ್ಟಿ ಹೆಚ್ಚಿರಬಹುದಿತ್ತು. ಅಷ್ಟು ಬಿಟ್ಟರೆ ಕುಂದಿಲ್ಲ. ನನ್ನ ಅಪ್ಪ ಇದನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ, ಮನೆಗೆ ಇಟ್ಟುಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಂಗಿಯ ವಾಸನೆಗೆ. ನೀನು ಮೊದಲ ಕಾಗದದಲ್ಲಿ ಅದೇ ವಾಸನೆಯನ್ನು ಬರೆದಿದ್ದೆ, ಬೇರೆ ರೀತಿಯಲ್ಲಿ. ನಿನ್ನೆ ಬಾಗಿಲು ತೆರೆದಾಗ ನಾನೂ ಅದನ್ನು ಬೇರೆ ರೀತಿಯಲ್ಲಿ ಮೂಸಿದೆ.

ನನ್ನ ಅಪ್ಪ ನನ್ನನ್ನು ಒಂದು ದಿನವೂ ಮರ ಹತ್ತಲು ಬಿಡಲಿಲ್ಲ. “ನಿನ್ನ ಕಾಲು ಬೂಟಿಗೆ” ಎನ್ನುತ್ತಿದ್ದರು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಎಲ್ಲಿ ಕಾಲಿಡಬೇಕು, ಎಲ್ಲಿ ಕೈ ಬಿಡಬೇಕು, ಎಲ್ಲವೂ ನನಗೆ ಗೊತ್ತು.

ಮಾರ್ಚಿನಲ್ಲಿ ರಜೆ ಬುಕ್ ಮಾಡಿದ್ದೇನೆ. ನಿನ್ನ ಅಮ್ಮನೂ ಬರುತ್ತಾಳೆ. ಗಿರೀಶರಿಗೆ ಏಣಿ ಹಿಡಿಯುವ ಕಷ್ಟ ಬೇಡ ಎಂದು ಹೇಳು. ಅತಿ ಎತ್ತರದ ಕೊಂಬೆಯನ್ನು ಈ ಸಲ ಗಿಳಿಗಳಿಗೆ ಬಿಡುವುದಿಲ್ಲ. ಬೂಟು ಕೆಳಗೆ ಬಿಚ್ಚಿಟ್ಟು ನಾನೇ ಹತ್ತುತ್ತೇನೆ. ನೀನು ಕೆಳಗೆ ಬೈರಾಸು ಹರಡಿ ಹಿಡಿ.

ಮೂರ್ತೆಯ ತ್ಯಾಂಪಣ್ಣನ ಮಗ,
ನಿನ್ನ ಅಪ್ಪ
ಕಾಂತಪ್ಪ